ಹಡಗು ವಾಲಿದ ಕಡೆ

ಮಾರ್ಚ್ ೩, ಸೋಮವಾರ

ಬಡಗಿಗೆ ಎಂಥ ದಿನಚರಿ ಎಂದು ಇವಳು ನಕ್ಕಳು. ನಗಲಿ. ಮೂವತ್ತೊಂದು ವರ್ಷದ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಕಟ್ಟಿಕೊಂಡ ಹೆಂಡತಿಯ ತಲೆಯ ಮೇಲೇ ಎಷ್ಟು ದಿನ ಇಳಿಸುವುದು? ಹಳೆಯ ಅಳತೆ ಪುಸ್ತಕದ ಹಿಂಬದಿಯಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿವೆ. ಮುಂಬದಿಯಲ್ಲಿ ಆ ಹಡಗಿನ ಅಳತೆಗಳೇ ಇವೆ. ಇದಕ್ಕಿಂತ ಸರಿಯಾದ ಜಾಗ ಇನ್ನೆಲ್ಲಿ ಸಿಕ್ಕೀತು?

ಬೆಳಿಗ್ಗೆ ಟಿವಿ ಕೇಂದ್ರದಿಂದ ಫೋನ್ ಬಂತು. ಹಡಗಿನ ಚಿತ್ರವನ್ನು ಏಪ್ರಿಲ್ ಮೊದಲ ಭಾನುವಾರ ಮತ್ತೆ ಹಾಕುತ್ತಾರಂತೆ. ಮುಳುಗಿದ್ದಕ್ಕೇ ಜಗತ್ತಿನಲ್ಲೆಲ್ಲ ಹೆಸರಾದ ಹಡಗಿನ ಕಥೆ. ಆ ಕಾಲದಲ್ಲಿ ಟಿವಿಗೆಂದೇ ಅಷ್ಟು ದೊಡ್ಡ ಚಿತ್ರ ತೆಗೆದದ್ದು ಅದೊಂದನ್ನೇ. ಚಿತ್ರಕ್ಕೆ ಮೊದಲು ಹತ್ತು ನಿಮಿಷ ಹಳಬರ ಮಾತು. ಹಳಬರೆಂದರೆ ಈಗ ಯಾರು ಉಳಿದಿದ್ದಾರೆ? ನಿರ್ದೇಶಕರು ಹೋದರು, ಸಂಕಲನದವರು ಹೋದರು. ಹಡಗಿನ ಮಾದರಿ ಕಟ್ಟಿದ ನಾನಿದ್ದೇನೆ. ಕ್ಯಾಮೆರಾ ಹಿಡಿದ ನನ್ನ ಅಣ್ಣ ಇದ್ದಾನೆ. ಅವನು ಇದ್ದೂ ಇಲ್ಲದ ಹಾಗೆ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿವೆ, ಮಾತೂ ಹೋಗಿದೆ.

ಹದಿನಾಲ್ಕು ಅಡಿ ಹಡಗು. ಏಳು ತಿಂಗಳ ಕೆಲಸ. ಕಿಟಕಿಗಳೇ ಆರುನೂರ ಹನ್ನೆರಡು, ಒಂದೊಂದನ್ನೂ ಕೈಯಲ್ಲಿ ಕೊರೆದೆ. ನನ್ನದೇ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ ಅದು. ಚಿತ್ರ ಬಂದ ಮಾರನೇ ದಿನ ಊರೆಲ್ಲ ಮಾತಾಡಿದ್ದು ಮಾತ್ರ ಹನ್ನೊಂದು ಸೆಕೆಂಡಿನ ಬಗ್ಗೆ. ಹಡಗಿನ ಹಿಂಭಾಗ ಮೇಲೆದ್ದು ನಿಲ್ಲುವಾಗ ಅದರ ಮೇಲಿನ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿ ಕಾಣುತ್ತದೆ. ಓದು ಬಾರದ ಬಡಗಿ ಅಕ್ಷರಗಳನ್ನು ಉಲ್ಟಾ ಕೊರೆದಿದ್ದಾನೆ ಎಂದು ಒಂದು ಪತ್ರಿಕೆ ಬರೆಯಿತು. ನಾನು ಸರಿಯಾಗೇ ಕೊರೆದಿದ್ದೆ. ಚಿತ್ರವನ್ನು ತಿರುಗಿಸಿ ಹಾಕಿದವನು ಅಣ್ಣ. ಕೇಂದ್ರದ ಸಭೆಯಲ್ಲಿ ಎದ್ದು ನಿಂತು "ತಪ್ಪು ನಂದು" ಎಂದಷ್ಟೇ ಹೇಳಿ ಕೂತ. ಯಾಕೆ, ಹೇಗೆ ಎಂದು ನನಗೂ ಒಂದು ಮಾತು ಹೇಳಲಿಲ್ಲ. ಅಂದೇ ಕ್ಯಾಂಟೀನಿನಲ್ಲಿ ಎಲ್ಲರೆದುರು ನಾನು ಅವನನ್ನು "ಬನ್ನಿ ಉಲ್ಟಾ ಸಾಹೇಬ್ರೇ" ಎಂದು ಕರೆದೆ. ಆ ಹೆಸರೇ ನಿಂತಿತು. ಅವನು ನಿವೃತ್ತನಾಗುವ ದಿನವೂ ಹಾಗೇ ಕರೆದರಂತೆ.

ಈ ಸಲ ಟಿವಿಯಲ್ಲೇ ಹೇಳುತ್ತೇನೆ. ಕೊರೆದದ್ದು ಸರಿಯಿತ್ತು, ಕೆಡಿಸಿದವನು ಅವನು.

ಮಾರ್ಚ್ ೫, ಬುಧವಾರ

ಕೇಂದ್ರಕ್ಕೆ ಹೋಗಿ ಬಂದೆ. ಗೇಟಿನವನು ಗುರುತಿನ ಚೀಟಿ ಕೇಳಿದ. ಈ ಗೇಟಿನ ಪಕ್ಕದ ಬೆಂಚು ನಾನೇ ಮಾಡಿದ್ದು ಮಾರಾಯ ಎಂದೆ. ಬೆಂಚು ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಟಿ ಕೇಳಿದ.

ಹಳೆಯ ಫಿಲ್ಮುಗಳನ್ನು ನೋಡಿಕೊಳ್ಳುವುದು ದಪ್ಪ ಕನ್ನಡಕದ ಒಬ್ಬಳು ಹೆಣ್ಣುಮಗಳು. ಚುರುಕಾಗಿದ್ದಾಳೆ, ಆದರೆ ಎಲ್ಲದಕ್ಕೂ "ನೋಡ್ತೀನಿ ಸರ್" ಎನ್ನುತ್ತಾಳೆ. ಕತ್ತರಿಸುವ ಮೊದಲಿನ ಮೂಲ ಸುರುಳಿ ಬೇಕು, ಅದರಲ್ಲಿ ಅಕ್ಷರ ನೆಟ್ಟಗಿರುತ್ತದೆ, ಅದೇ ಸಾಕ್ಷಿ ಎಂದೆ. ಉಗ್ರಾಣದಲ್ಲಿ ಪಟ್ಟಿಯೇ ಇಲ್ಲವಂತೆ, ಡಬ್ಬಿಗಳ ಚೀಟಿಗಳನ್ನೆಲ್ಲ ಗೆದ್ದಲು ತಿಂದಿದೆಯಂತೆ. ಮಾತು ಚಿತ್ರೀಕರಿಸುವುದು ಇಪ್ಪತ್ತೆಂಟಕ್ಕೆ. ಅಷ್ಟರೊಳಗೆ ಸಿಗದಿದ್ದರೆ ಅಣ್ಣನಿಂದಲೇ ಒಪ್ಪಿಸಬೇಕು. ಮಾತಿಲ್ಲದಿದ್ದರೇನು, ತಲೆಯಾಡಿಸಲು ಬರುತ್ತದಲ್ಲ.

ಚಿತ್ರದ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟಳು.

ಮಾರ್ಚ್ ೮, ಶನಿವಾರ

ಅಣ್ಣನ ಮನೆಗೆ ಹೋದೆ. ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಮುಖ ತೋರಿಸಿದ್ದು ಬಿಟ್ಟರೆ ಇದೇ ಮೊದಲು. ಅತ್ತಿಗೆ ಬಾಗಿಲು ತೆಗೆದು, ಬನ್ನಿ ಎಂದರು, ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ.

ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಅಂಗಿಯ ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿತ್ತು. ಕ್ಯಾಮೆರಾದವರ ಲೈಟ್ ಮೀಟರಿನಲ್ಲಿ ಬೆಳಕು ನೋಡಿ ಆಮೇಲೆ ಊಟಕ್ಕೆ ಕೂರುತ್ತಿದ್ದ ಮನುಷ್ಯ. ನಾನು ವಿಷಯ ತೆಗೆಯುವಷ್ಟರಲ್ಲಿ ಅತ್ತಿಗೆ, ಬಂದದ್ದು ಒಳ್ಳೆಯದೇ ಆಯಿತು, ಇವರನ್ನು ಮಂಚಕ್ಕೆ ಸಾಗಿಸಬೇಕು, ಬಲಗಡೆ ಹಿಡಿದುಕೊಳ್ಳಿ ಎಂದರು. ಎದುರು ನಿಂತು ಬಲಗಡೆ ಹಿಡಿದೆ. ಎಬ್ಬಿಸಿದ್ದೇ ತಡ, ಅಣ್ಣ ಇನ್ನೊಂದು ಕಡೆಗೆ ಕುಸಿದ. ಅತ್ತಿಗೆ ಓಡಿ ಬಂದು ಹೆಗಲು ಕೊಡದಿದ್ದರೆ ಇಬ್ಬರೂ ನೆಲದಲ್ಲಿರುತ್ತಿದ್ದೆವು.

"ಅವರ ಬಲ ರೀ, ನಿಮ್ಮ ಬಲ ಅಲ್ಲ" ಎಂದರು ಅತ್ತಿಗೆ.

ಮೊದಲೇ ಬಿಡಿಸಿ ಹೇಳಬೇಕಪ್ಪ. ಹೇಳುವುದನ್ನು ಅರ್ಧ ಹೇಳಿ ಆಮೇಲೆ ಗದರಿಸಿದರೆ? ಹಡಗಿನ ಮಾತು ಎತ್ತಲು ಆಗಲೇ ಇಲ್ಲ. ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ. ಅವನು ಎಷ್ಟು ಹಗುರವಾಗಿದ್ದಾನೆ.

ಮಾರ್ಚ್ ೯, ಭಾನುವಾರ

ಕನ್ನಡಕದವಳಿಗೆ ಮೂರು ಸಲ ಫೋನ್. ಮೂರು ಸಲವೂ ನೋಡ್ತೀನಿ ಸರ್.

ಮಾರ್ಚ್ ೧೨, ಬುಧವಾರ

ಮತ್ತೆ ಹೋದೆ. ಈ ಸಲ ನೇರವಾಗಿ ಕೇಳಿದೆ: ಚಿತ್ರವನ್ನು ತಿರುಗಿಸಿದ್ದು ನೀನೇ ತಾನೇ? ಅಣ್ಣ ನನ್ನ ಮುಖ ನೋಡಿದ. ಆಮೇಲೆ ತನ್ನ ತಟ್ಟೆ ನೋಡಿದ. ಎಡಗೈಯಲ್ಲಿ ಚಮಚ ಹಿಡಿದು ಬಾಯಿಗೆ ತರುವಷ್ಟರಲ್ಲಿ ಅರ್ಧ ಊಟ ಎದೆಯ ಮೇಲೆ. ಚಮಚದ ಹಿಡಿ ತೆಳ್ಳಗಿದೆ, ಬೆರಳಿಗೆ ಸಿಗುವುದಿಲ್ಲ. ಇಷ್ಟು ಸಣ್ಣ ಸಂಗತಿ ಆ ಮನೆಯಲ್ಲಿ ಯಾರಿಗೂ ಹೊಳೆದಿಲ್ಲ. ನೋಡಿ ನೋಡಿ ರೇಗಿ ಹೋಯಿತು. ಉತ್ತರ ಹೇಳದಿದ್ದರೆ ಬೇಡ, ಊಟವಾದರೂ ನೆಟ್ಟಗೆ ಮಾಡಲಿ.

ಮನೆಗೆ ಬಂದು ಬೀಟೆ ತುಂಡೊಂದನ್ನು ಉರುಟಾಗಿ ಕೆತ್ತಿ, ಅವನ ಮುಷ್ಟಿಯ ಅಂದಾಜಿಗೆ ಬೆರಳಿನ ಗುಳಿ ಮಾಡಿ, ಚಮಚಕ್ಕೆ ಕೂರಿಸಿದೆ. ಅವನ ಮುಷ್ಟಿಯ ಅಂದಾಜು ನನ್ನ ಮುಷ್ಟಿಯೇ. ಇವಳು ಚಮಚವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಸಾಕ್ಷಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದೆ. ಹೌದೌದು ಎಂದಳು.

ಮಾರ್ಚ್ ೧೫, ಶನಿವಾರ

ಚಮಚ ಪರವಾಗಿಲ್ಲ. ಗುಳಿಗಳನ್ನು ಇನ್ನೂ ಸ್ವಲ್ಪ ಉಜ್ಜಬೇಕು.

ಇವತ್ತು ಬಚ್ಚಲುಮನೆಗೆ ಹಿಡಿಕೆ ಹಾಕಿದೆ. ಕಮೋಡಿನಿಂದ ಏಳುವಾಗ ಅತ್ತಿಗೆಯ ಕುತ್ತಿಗೆಗೆ ಜೋತು ಬೀಳುತ್ತಾನೆ, ಅವರ ಸೊಂಟ ಉಳುಕಿದೆ. ಯಾವ ಕೈ ಸರಿಯಿದೆ ಎಂದು ಕೇಳಿಕೊಂಡೇ ಕೆಲಸ ಶುರು ಮಾಡಿದೆ, ಒಮ್ಮೆ ಬೈಸಿಕೊಂಡದ್ದು ಸಾಕು. ಎಡಗೈ ಎಂದರು. ಬಾಗಿಲಲ್ಲಿ ನಿಂತು ಅಳತೆ ತೆಗೆದು ಎಡಗೋಡೆಗೇ ಹಾಕಿದೆ. ಸಾಗವಾನಿ, ಎರಡೂ ತುದಿಗೆ ಉಕ್ಕಿನ ಬೋಲ್ಟು. ಆನೆ ಜಗ್ಗಿದರೂ ಬರುವುದಿಲ್ಲ.

ಹಡಗಿನ ಬಗ್ಗೆ ಕೇಳಲು ಸಮಯವಾಗಲಿಲ್ಲ.

ಮಾರ್ಚ್ ೧೮, ಮಂಗಳವಾರ

ಉಪಕಾರ ಮಾಡಬಾರದು. ಮಾಡಿದರೂ ಅಣ್ಣನಿಗೆ ಮಾಡಬಾರದು. ಹಿಡಿಕೆಯನ್ನು ಮುಟ್ಟಿಲ್ಲ! ಅದರ ಮೇಲೆ ಟವೆಲ್ ಒಣಗುತ್ತಿದೆ. ಅತ್ತಿಗೆಯನ್ನು ಕೇಳಿದರೆ, "ಅದು ಅವರಿಗೆ ಎಟುಕಲ್ಲ" ಎಂದು ಮೆತ್ತಗೆ ಹೇಳಿದರು. ಎಟುಕದೆ ಏನು? ಇರುವ ಕೈಯನ್ನು ಒಂದಿಷ್ಟು ಅಡ್ಡ ಚಾಚಿದರೆ ಸಿಗುತ್ತದೆ. ಕುಣಿಯಲಾರದವರಿಗೆ ನೆಲ ಡೊಂಕು. ಮನೆಗೆ ಬಂದು ಇವಳ ಹತ್ತಿರ ಕೂಗಾಡಿದೆ. ನಿಮ್ಮಣ್ಣ ಹಿಡಿಕೆ ಬೇಕು ಎಂದು ಕೇಳಿದ್ದರಾ ಎಂದಳು. ಇದೊಂದು ಪ್ರಶ್ನೆಯೇ? ಅವನು ಯಾವತ್ತು ಏನನ್ನು ಬಾಯಿಬಿಟ್ಟು ಕೇಳಿದ್ದಾನೆ, ಏನನ್ನು ಬಾಯಿಬಿಟ್ಟು ಹೇಳಿದ್ದಾನೆ?

ಮಾರ್ಚ್ ೨೦, ಗುರುವಾರ

ಕೊನೆಯ ಅಸ್ತ್ರವೆಂದು ಪೆನ್ ಡ್ರೈವ್ ತೆಗೆದುಕೊಂಡು ಹೋದೆ. ಚಿತ್ರ ತೋರಿಸಿ, ಆ ಜಾಗ ಬಂದಾಗ ನಿಲ್ಲಿಸಿ, ಬೆರಳಿಟ್ಟು ಕೇಳುವುದೆಂದು ಯೋಚನೆ.

ಎಷ್ಟು ಕೆಟ್ಟ ಚಿತ್ರ ದೇವರೇ. ನೆನಪಿನಲ್ಲಿ ಹೀಗಿರಲಿಲ್ಲ. ಕಪ್ತಾನನ ಅಂಟು ಮೀಸೆ ಒಂದು ದೃಶ್ಯದಲ್ಲಿ ಮೂಗಿನ ಕೆಳಗೆ, ಮುಂದಿನದರಲ್ಲಿ ಕೆನ್ನೆಯ ಪಕ್ಕ. ಹಡಗು ಬಂಡೆಗೆ ಬಡಿದು ಎಲ್ಲರೂ ಸಾಯಲು ಓಡುತ್ತಿರುವಾಗ ನಾಯಕಿ ನಿಂತು ತಲೆ ಬಾಚಿಕೊಳ್ಳುತ್ತಾಳೆ. ಅಲೆಗಳೋ, ಕೇಂದ್ರದ ಹಿತ್ತಿಲ ತೊಟ್ಟಿಯಲ್ಲಿ ಇಬ್ಬರು ಹಲಗೆ ಆಡಿಸಿ ಮಾಡಿದ್ದು. ಒಂದು ಕಡೆ ಹಲಗೆಯೇ ಕಾಣುತ್ತದೆ. ಅಣ್ಣನ ಹೊಟ್ಟೆ ಕುಲುಕುತ್ತಿತ್ತು. ತಿರುಗಿ ನೋಡಿದರೆ ನಗುತ್ತಿದ್ದಾನೆ, ಬಾಯಿ ಒಂದೇ ಕಡೆ ಎದ್ದಿದೆ. ನನಗೂ ತಡೆಯಲಾಗಲಿಲ್ಲ. ಅಡಿಗೆಮನೆಯಿಂದ ಅತ್ತಿಗೆ ಬಂದು ಬಾಗಿಲಲ್ಲಿ ನಿಂತು, ಇಬ್ಬರನ್ನೂ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಅಳುವಂಥದ್ದು ಏನಿತ್ತೋ.

ಆಮೇಲೆ ಮುಳುಗುವ ಭಾಗ ಬಂತು. ಹಡಗಿನ ಮೇಲಟ್ಟದ, ಅಂದರೆ ಡೆಕ್ಕಿನ, ದೃಶ್ಯದಲ್ಲಿ ನೆಲ ಬಲಕ್ಕೆ ವಾಲಿ, ಜನ, ಕುರ್ಚಿ, ಪೆಟ್ಟಿಗೆ ಎಲ್ಲ ಆ ಕಡೆಗೆ ಜಾರುತ್ತವೆ. ನಿಜವಾದ ಹಡಗು ಬಲಕ್ಕೇ ವಾಲಿ ಮುಳುಗಿದ್ದು, ನಿರ್ದೇಶಕರು ಅದೊಂದರಲ್ಲಿ ಭಾರಿ ಕಟ್ಟುನಿಟ್ಟು. ಮುಂದಿನ ದೃಶ್ಯವೇ ನನ್ನ ಹಡಗು. ಬಲಕ್ಕೆ ವಾಲುತ್ತ, ಹಿಂಭಾಗ ನಿಧಾನವಾಗಿ ಎದ್ದಿತು. ಆರುನೂರ ಹನ್ನೆರಡು ಕಿಟಕಿಗಳ ದೀಪ ಸಾಲುಸಾಲಾಗಿ ಆರಿದವು. ಮೈ ಜುಮ್ಮೆಂದಿತು. ಮತ್ತೆ ಆ ಹಾಳು ಅಕ್ಷರಗಳು. ನಿಲ್ಲಿಸಿದೆ. ಹೇಳು, ಯಾಕೆ ತಿರುಗಿಸಿದೆ, ಎಂದೆ.

ಅಣ್ಣ ಎಡಗೈ ಎತ್ತಿ ನನ್ನ ಮೊಣಕಾಲಿನ ಮೇಲಿಟ್ಟ. "ಬಿಡು" ಎಂದ. ಲಕ್ವ ಹೊಡೆದ ಮೇಲೆ ನೀರು, ಬೇಡ ಎಂಬೆರಡು ಬಿಟ್ಟು ಅವನು ಆಡಿದ ಮೊದಲ ಮಾತಂತೆ ಅದು. ಅತ್ತಿಗೆಗೆ ಸಂಭ್ರಮ. ನನಗೆ ಮೈ ಉರಿಯಿತು. ಬಿಡು ಅಂತೆ. ಮೂವತ್ತೊಂದು ವರ್ಷ ಕಾದು ಕೇಳಿದ ಮಾತು ಇದು.

ಮಾರ್ಚ್ ೨೧, ಶುಕ್ರವಾರ

ಹೋಗಲಿಲ್ಲ. ಸಂಜೆ ಅತ್ತಿಗೆ ಫೋನ್ ಮಾಡಿ, ಬಾಗಿಲ ಕಡೆಯೇ ನೋಡುತ್ತಿದ್ದಾರೆ ಎಂದರು. ನೋಡಲಿ.

ಮಾರ್ಚ್ ೨೨, ಶನಿವಾರ

ಹೋದೆ. ಚಮಚದ ಗುಳಿ ಉಜ್ಜುವುದಿತ್ತು, ಅದಕ್ಕೆ.

ಮಾರ್ಚ್ ೨೫, ಮಂಗಳವಾರ

ಸುರುಳಿ ಸಿಕ್ಕಿತು.

ಕನ್ನಡಕದವಳು ಬೆಳಿಗ್ಗೆಯೇ ಕರೆದಳು. ಕೈ ಮುಖವೆಲ್ಲ ಧೂಳು. ನಾಲ್ಕು ದಿನ ಡಬ್ಬಿ ಡಬ್ಬಿ ತೆಗೆದು ನೋಡಿದಳಂತೆ. ಸುಮ್ಮನೆ ಬೈದುಕೊಂಡಿದ್ದೆ ಪಾಪ. ಸಣ್ಣ ಪರದೆಯ ಮುಂದೆ ಕೂರಿಸಿದಳು. ತೊಟ್ಟಿ ಕಂಡಿತು, ಕ್ಲ್ಯಾಪ್ ಹಲಗೆ ಕಂಡಿತು, ಹಡಗು ಮುಳುಗಲು ಶುರುವಾಯಿತು. ಹಿಂಭಾಗ ಎದ್ದಿತು. ಅಕ್ಷರಗಳು ನೆಟ್ಟಗಿದ್ದವು. ಒಂದೊಂದೂ ನೆಟ್ಟಗೆ, ನಾನು ಕೊರೆದ ಹಾಗೇ. ನೋಡಮ್ಮ, ನೋಡು, ಎಂದು ಮೇಜು ಗುದ್ದಿದೆ.

ಅವಳು ನೋಡುತ್ತಲೇ ಇದ್ದಳು. ಮತ್ತೊಮ್ಮೆ ಓಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಸರ್, ಇದರಲ್ಲಿ ಹಡಗು ಎಡಕ್ಕೆ ವಾಲ್ತಾ ಇದೆಯಲ್ಲ?"

ಇಲ್ಲ ಎಂದೆ. ಬಲಕ್ಕೇ ವಾಲಿದ್ದು, ನಾನೇ ಹಗ್ಗ ಹಿಡಿದು ಎದುರಿಗೆ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದೆ, ಕಣ್ಣಾರೆ ನೋಡಿದ್ದೇನೆ ಎಂದೆ. ಆ ಕಡೆಗೇ ವಾಲಲೆಂದು ಸೀಸದ ಗಟ್ಟಿಗಳನ್ನು ಬಲಗಡೆಯ ಖಾನೆಗಳಿಗೆ ತುಂಬಿದವನೂ ನಾನೇ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ ಎಂದೆ. ಹೌದಾ ಸರ್ ಎಂದು ಸುರುಳಿಯನ್ನು ಮತ್ತೆ ಡಬ್ಬಿಗೆ ಹಾಕಿದಳು.

ಮನೆಗೆ ಬಂದು ಈ ಪುಸ್ತಕದ ಮುಂಬದಿ ತೆಗೆದೆ. ಹಡಗನ್ನು ಎದುರಿನಿಂದ ಬರೆದಿದ್ದೇನೆ, ಮೂತಿ ನನ್ನ ಕಡೆಗೆ. ಹಾಳೆಯ ಬಲಭಾಗಕ್ಕೆ ಗೆರೆ ಹೊಡೆದು, ನನ್ನದೇ ಅಕ್ಷರದಲ್ಲಿ, "ಬಲ, ಸೀಸ ೪೦ ಗಟ್ಟಿ". ಪುಸ್ತಕವನ್ನು ಎದೆಗೊತ್ತಿ, ಚಿತ್ರ ಮುಂದಕ್ಕೆ ಮುಖ ಮಾಡುವ ಹಾಗೆ ಹಿಡಿದುಕೊಂಡು, ನಾನೇ ಹಡಗಾಗಿ ನಿಂತೆ. ಗೆರೆ ಹೊಡೆದ ಭಾಗ ನನ್ನ ಎಡಕ್ಕೆ ಬಂತು.

ಇವಳು ಏನು ಮಾಡ್ತಿದ್ದೀರಿ ಎಂದಳು. ಏನಿಲ್ಲ ಎಂದೆ.

ಮಾರ್ಚ್ ೨೬, ಬುಧವಾರ

ಅಣ್ಣ ಮಲಗಿದ್ದ. ಅತ್ತಿಗೆಯನ್ನು ಅಡಿಗೆಮನೆಯಲ್ಲಿ ಕೂರಿಸಿ ಕೇಳಿದೆ, ನಿಮಗೆ ಗೊತ್ತಿತ್ತೇ ಎಂದು. ಅವರು ಸೊಪ್ಪು ಬಿಡಿಸುತ್ತಿದ್ದರು. ಬಿಡಿಸುವುದನ್ನು ನಿಲ್ಲಿಸಲಿಲ್ಲ.

ಗೊತ್ತಿತ್ತಂತೆ. ಸಂಕಲನಕ್ಕೆ ಕೂತಾಗ ಕಂಡದ್ದು: ಮೇಲಟ್ಟದಲ್ಲಿ ಜನ ಬಲಕ್ಕೆ ಜಾರುತ್ತಾರೆ, ಹಡಗು ಎಡಕ್ಕೆ ವಾಲುತ್ತದೆ. ಮಾದರಿ ನಡುವೆ ಮುರಿದು ಹೋಗಿತ್ತು, ಇನ್ನೊಮ್ಮೆ ಮುಳುಗಿಸುವಂತಿರಲಿಲ್ಲ. ಪ್ರಸಾರಕ್ಕೆ ಆರು ದಿನ. ನಿರ್ದೇಶಕರಿಗೆ ತಿಳಿಯುವ ಮೊದಲೇ ಅಣ್ಣ ಆ ತುಂಡನ್ನು ತಿರುಗಿಸಿ ಹಾಕಿಸಿದ. ಕತ್ತಲೆ, ನೀರು, ಹೊಗೆ, ಹನ್ನೊಂದು ಸೆಕೆಂಡು, ಅಕ್ಷರ ಯಾರು ಓದುತ್ತಾರೆ ಎಂದುಕೊಂಡನಂತೆ.

ನನಗೆ ಯಾಕೆ ಹೇಳಲಿಲ್ಲ ಎಂದೆ.

"ಅವನ ಹೆಸರಲ್ಲಿ ಮೊದಲನೇ ಕೆಲಸ, ಮೊದಲನೇ ಕೆಲಸದಲ್ಲೇ ಹಡಗು ತಪ್ಪು ಕಡೆಗೆ ವಾಲಿದ್ರೆ ನಾಳೆ ಅವನಿಗೆ ಯಾರೂ ಒಂದು ಸ್ಟೂಲ್ ಮಾಡೋಕೂ ಕೊಡಲ್ಲ ಅಂದ್ರು. ಆಮೇಲೆ ಯಾವಾಗಾದ್ರೂ ನಿಮಗೆ ಹೇಳೋಣ ಅಂತಿದ್ರು. ಅಷ್ಟರಲ್ಲಿ ನೀವು ಕ್ಯಾಂಟೀನಲ್ಲಿ ಅವರಿಗೆ ಹೆಸರಿಟ್ಟಿದ್ರಿ."

ಅಷ್ಟು ಹೇಳಿ ಸೊಪ್ಪು ತೊಳೆಯಲು ಎದ್ದರು. ಬೈದಿದ್ದರೆ ಚೆನ್ನಾಗಿತ್ತು.

ಆ ಚಿತ್ರ ನೋಡಿಯೇ ನನಗೆ ಮೂರು ವಸ್ತುಸಂಗ್ರಹಾಲಯಗಳ ಕೆಲಸ ಸಿಕ್ಕಿತು. ಹಡಗು ಎಷ್ಟು ಸರಿಯಾಗಿ ಮುಳುಗಿಸಿದ್ದೀರಿ ಎಂದು ಹೊಗಳಿಯೇ ಕೊಟ್ಟರು. ಅಣ್ಣನಿಗೆ ಆಮೇಲೆ ಒಂದು ಚಿತ್ರವೂ ಸಿಗಲಿಲ್ಲ. ಸುದ್ದಿ ವಿಭಾಗಕ್ಕೆ ಹಾಕಿದರು. ಇಪ್ಪತ್ತು ವರ್ಷ ಯಾರ್ಯಾರದೋ ಭಾಷಣ, ಯಾವ್ಯಾವುದೋ ಉದ್ಘಾಟನೆಯ ರಿಬ್ಬನ್ನು ತೆಗೆದ.

ಅವನು ಏಳುವವರೆಗೆ ಮಂಚದ ಪಕ್ಕ ಕೂತೆ. ಎದ್ದ. ತಪ್ಪು ನನ್ನದು ಕಣೋ ಅಣ್ಣ ಎಂದೆ. ಮೂವತ್ತೊಂದು ವರ್ಷದ ಹಿಂದೆ ಅವನು ಹೇಳಿದ್ದೂ ಇದನ್ನೇ. ಅವನು ನೀರು ಎಂದ. ಕುಡಿಸಿದೆ. ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಅವನು ಉಂಡ, ತಟ್ಟೆ ತೊಳೆದೂ ಇಟ್ಟ.

ಮಾರ್ಚ್ ೨೮, ಶುಕ್ರವಾರ

ದೀಪಗಳ ಮುಂದೆ ಕೂರಿಸಿ ಮುಖಕ್ಕೆ ಪೌಡರ್ ಬಳಿದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಅಕ್ಷರದ ಪ್ರಶ್ನೆ ಬಂದಾಗ ಈ ಪುಸ್ತಕವನ್ನೇ ಕ್ಯಾಮೆರಾಕ್ಕೆ ಹಿಡಿದು, ಬಲವೆಂದು ಎಡಕ್ಕೆ ಸೀಸ ತುಂಬಿದವನು ನಾನು, ಹಡಗು ಎಡಕ್ಕೆ ವಾಲಿದ್ದು ಅದಕ್ಕೆ, ಅದನ್ನು ಮುಚ್ಚಲು ಚಿತ್ರ ತಿರುಗಿಸಿದವನು ನನ್ನ ಅಣ್ಣ ಎಂದೆ. ಆ ಹೆಸರು ಇಟ್ಟವನೂ ನಾನೇ ಎಂದೆ. ಅವರು ಮತ್ತೊಮ್ಮೆ ತೆಗೆಯೋಣವೇ ಎಂದರು. ಬೇಡ ಎಂದೆ.

ಹೊರಗೆ ಬಂದಾಗ ಕನ್ನಡಕದವಳು, ಈಗ ಕಂಪ್ಯೂಟರಿನಲ್ಲಿ ಅಕ್ಷರಗಳನ್ನಷ್ಟೇ ನೆಟ್ಟಗೆ ಮಾಡಬಹುದು ಸರ್, ಒಂದು ದಿನದ ಕೆಲಸ, ಮಾಡಲಾ ಎಂದಳು. ಒಂದು ತಿಂಗಳ ಹಿಂದೆ ಕೇಳಿದ್ದರೆ ಅವಳ ಕಾಲು ಹಿಡಿಯುತ್ತಿದ್ದೆ.

"ಅದು ಅಣ್ಣನ ಕೆಲಸ ಕಣಮ್ಮ. ಅದರ ಮೇಲೆ ಕೈ ಹಾಕ್ಬೇಡ."

ಏಪ್ರಿಲ್ ೬, ಭಾನುವಾರ

ಮಧ್ಯಾಹ್ನ ಮೂರಕ್ಕೆ ಹಾಕಿದರು. ಇವಳನ್ನೂ ಕರೆದುಕೊಂಡು ಹೋದೆ. ಅಣ್ಣನ ಕುರ್ಚಿಯನ್ನು ಟಿವಿಯ ಮುಂದೆ ಎಳೆದು, ಪಕ್ಕದಲ್ಲಿ ನಾನು ಕೂತೆ. ಅಂಗಿಯ ಗುಂಡಿಗಳನ್ನು ಸರಿಯಾಗಿ ಹಾಕಿದೆ.

ನನ್ನ ಮಾತು ಬಂದಾಗ ಅಣ್ಣನ ಕಡೆ ನೋಡಲು ಧೈರ್ಯವಾಗಲಿಲ್ಲ, ಪೌಡರ್ ಬಳಿದ ನನ್ನ ಮುಖವನ್ನೇ ನೋಡುತ್ತಿದ್ದೆ. ಮಾತೆಲ್ಲ ಮುಗಿದು ಚಿತ್ರ ಶುರುವಾಯಿತು. ಮೀಸೆ ಬಂತು, ಬಾಚಣಿಗೆ ಬಂತು, ಹಲಗೆಯೂ ಬಂತು. ಇವತ್ತು ಅಣ್ಣ ನಗಲಿಲ್ಲ. ಸಿಟ್ಟು ಬಂದಿದೆ ಎಂದುಕೊಂಡೆ. ಬರಬೇಕಾದದ್ದೇ. ನನ್ನನ್ನು ಕಾಪಾಡಲು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹತ್ತು ನಿಮಿಷದಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ದೆ.

ಹಡಗು ವಾಲಿತು. ಹಿಂಭಾಗ ಎದ್ದಿತು. ದೀಪಗಳು ಆರಿದವು. ಹಿಂದುಮುಂದಾದ ಅಕ್ಷರಗಳು ನಿಧಾನವಾಗಿ ನೀರಿಗಿಳಿದವು. ಅಣ್ಣನ ತುಟಿ ಅಲುಗಿತು. ಏನು ಬೇಕು, ನೀರಾ, ಎಂದೆ. ಅಲ್ಲವೆಂದು ತಲೆಯಾಡಿಸಿದ. ಒಂದೊಂದೇ ಪದವನ್ನು ತಳದಿಂದ ಮೇಲೆತ್ತುವವನ ಹಾಗೆ ಕಷ್ಟಪಟ್ಟು ಹೇಳಿದ.

"ಚೆನ್ನಾಗಿ... ಮುಳುಗ್ತು... ಕಣೋ."

ಮೂವತ್ತೊಂದು ವರ್ಷದಲ್ಲಿ ಆ ಹಡಗಿನ ಬಗ್ಗೆ ಅವನು ನನ್ನ ಹತ್ತಿರ ಆಡಿದ ಮಾತು ಇದೊಂದೇ. ಇವಳು ಎದ್ದು ಅತ್ತಿಗೆಯ ಹತ್ತಿರ ಹೋದಳು. ನಾನು ಅತ್ತೆ. ಬಚ್ಚಿಡುವುದೇನಿದೆ, ಇದು ನನ್ನದೇ ಪುಸ್ತಕ.

ಚಿತ್ರ ಮುಗಿದ ಮೇಲೆ ಅವನನ್ನು ಬಚ್ಚಲುಮನೆಗೆ ಕರೆದುಕೊಂಡು ಹೋದೆ. ಕಮೋಡಿನ ಮೇಲೆ ಕೂರಿಸಿ, ಬಾಗಿಲ ಹತ್ತಿರ ನಿಂತು ಕಾದೆ. ಏಳುವಾಗ ಅವನ ಎಡಗೈ ಪಕ್ಕದ ಬರೀ ಗೋಡೆಯನ್ನು ಮೇಲಿಂದ ಕೆಳಗೆ ತಡಕುತ್ತಿತ್ತು. ಆನೆ ಜಗ್ಗಿದರೂ ಬಾರದ ನನ್ನ ಹಿಡಿಕೆ ಎದುರುಗೋಡೆಯಲ್ಲಿ, ಅವನ ಬಿದ್ದುಹೋದ ಬಲಗೈಯ ಪಕ್ಕದಲ್ಲಿ, ಟವೆಲ್ ಹೊತ್ತುಕೊಂಡು ನಿಂತಿತ್ತು.

ನಾಳೆ ಬೆಳಿಗ್ಗೆ ಮೊದಲ ಕೆಲಸ, ಅದನ್ನು ಬಿಚ್ಚಿ ಈ ಕಡೆಗೆ ಹಾಕುವುದು. ಅಳತೆಯನ್ನು ಕಮೋಡಿನ ಮೇಲೆ ಕೂತು ತೆಗೆಯಬೇಕು.